ಕಾರಿನ ಅಲಾರಂ ದುರಸ್ತಿ: ಮೈಸೂರಿನ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ

ನಿಲ್ಲಿಸಿದ ಕಾರಿನ ಅಲಾರಂ ನಡುರಾತ್ರಿಯಲ್ಲಿ ಕಾರಣವಿಲ್ಲದೆ ಕೂಗತೊಡಗಿದರೆ, ಹೊಸ ಕಿಟ್ ಹಾಕಿಸಿಕೊಳ್ಳಿ ಎನ್ನುವವರೇ ಹೆಚ್ಚು. ಮೈಸೂರಿನ ಈ ಚಿಕ್ಕ ಅಂಗಡಿಯ ಎಲೆಕ್ಟ್ರಿಷಿಯನ್ ಹಾಗೆ ಹೇಳಲಿಲ್ಲ. ಮೊದಲು ಮಲ್ಟಿಮೀಟರ್ ಹಿಡಿದು ಬ್ಯಾಟರಿಯಲ್ಲಿ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್, ಇರುವುದನ್ನು ಖಚಿತಪಡಿಸಿಕೊಂಡು, ಅನಂತರ ಬಾನೆಟ್ ಅಂಚಿನ ಪುಟ್ಟ ಸ್ವಿಚ್ಚನ್ನು ಬಿಚ್ಚಿದರು. ಮಳೆನೀರು ಇಳಿದು ಅದರೊಳಗೆ ಹಸಿರು ಕಿಲುಬು ಕಟ್ಟಿತ್ತು. ಬಾನೆಟ್ ಮುಚ್ಚಿದ್ದರೂ ತೆರೆದಿದೆಯೆಂಬ ಸಂಕೇತ ಅಲಾರಂಗೆ ಹೋಗುತ್ತಿತ್ತು. ಸ್ವಿಚ್ ಬದಲಿಸಿ, ಕಾರಿಗೆ ಬೀಳುವ ಪೆಟ್ಟನ್ನು ಗುರುತಿಸುವ ಶಾಕ್ ಸೆನ್ಸರಿನ ಅತಿಸೂಕ್ಷ್ಮತೆಯನ್ನೂ ತುಸು ತಗ್ಗಿಸಿ, ಬಾನೆಟ್ಟನ್ನು ಅಂಗೈಯಿಂದ ತಟ್ಟಿ ಪರೀಕ್ಷಿಸಿ ತೋರಿಸಿದರು. ಕಾರಿನೊಂದಿಗೇ ಬಂದ ಅಲಾರಂ ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋಗುವುದೇ ಮೇಲು. ಹೊರಗೆ ಹಾಕಿಸಿದ ಅಲಾರಂ ಆದರೆ ಈ ಅಂಗಡಿಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಕೇಳದೆ ಬಿಲ್ಲು ಕೊಡುವುದಿಲ್ಲ ಎಂಬುದೊಂದೇ ಕೊರತೆ.