ಪೆಟ್ರೋಲ್ ಏಸ್ ಕೊಟ್ಟು ಡೀಸೆಲ್ ಪಿಕಪ್ ತಗೊಳ್ಳಬೇಕಾ? ಇಂಟ್ರಾ ವಿ30, ಬೊಲೆರೊ ಪಿಕಪ್, ದೋಸ್ತ್ ಪಕ್ಕ ಇಟ್ಟು ನೋಡಿದ ಲೆಕ್ಕ

ಟಾಟಾ ಏಸ್ ಗೋಲ್ಡ್ ಪೆಟ್ರೋಲ್ ಅಥವಾ ಮಾರುತಿ ಸೂಪರ್ ಕ್ಯಾರಿ ಓಡಿಸುತ್ತಿರುವವರು ಡೀಸೆಲ್ ಪಿಕಪ್ ನೋಡೋಕೆ ಶೋರೂಮಿಗೆ ಹೋದರೆ ಮೊದಲು ಕೇಳೋದು ಮೈಲೇಜ್. ಸೇಲ್ಸ್‌ನವರೂ ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ. ಆದರೆ ಈ ಬದಲಾವಣೆ ಲಾಭವೋ ನಷ್ಟವೋ ಅನ್ನೋದನ್ನು ತೀರ್ಮಾನ ಮಾಡೋದು ಇನ್ನೊಂದು ಪ್ರಶ್ನೆ: ತಿಂಗಳಲ್ಲಿ ಎಷ್ಟು ದಿನ ನಿಮಗೆ ಹತ್ತು ಕ್ವಿಂಟಾಲಿನ ಮೇಲೆ ಲೋಡ್ ಸಿಗುತ್ತೆ? ಹನ್ನೆರಡು, ಹದಿಮೂರು ದಿನ ಖಾತ್ರಿಯಾಗಿ ಸಿಗುತ್ತೆ ಅಂದರೆ ಬದಲಾಯಿಸಿ. ಅದಿಲ್ಲದೆ ಬರೀ ಡೀಸೆಲ್ ಅಗ್ಗ ಅಂತ ಬದಲಾಯಿಸಿದರೆ ಉಳಿದ ದುಡ್ಡೆಲ್ಲ ಕಂತಿಗೇ ಹೋಗುತ್ತದೆ. ಯಾಕೆ ಅಂತ ಲೆಕ್ಕ ಹಾಕೋಣ.

ಏಸ್ ಗೋಲ್ಡ್ ಪೆಟ್ರೋಲ್‌ನಲ್ಲಿರುವುದು 694 ಸಿಸಿಯ ಎರಡು ಸಿಲಿಂಡರ್ ಎಂಜಿನ್: 30 ಎಚ್‌ಪಿ, 55 ಎನ್‌ಎಂ ಟಾರ್ಕ್ (ಎಳೆಯುವ ಬಲ), ಹೊರುವ ತೂಕ 750 ಕಿಲೋ ಆಸುಪಾಸು. ಸೂಪರ್ ಕ್ಯಾರಿಯದು ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್, ಲೋಡ್ 740 ಕಿಲೋ. ಡೀಸೆಲ್ ಕಡೆ ಬಂದರೆ ಇಂಟ್ರಾ ವಿ30ಯಲ್ಲಿ 1,496 ಸಿಸಿ, 70 ಎಚ್‌ಪಿ, 140 ಎನ್‌ಎಂ, ಲೋಡ್ 1,300 ಕಿಲೋ. ಅಶೋಕ್ ಲೇಲ್ಯಾಂಡ್ ದೋಸ್ತ್‌ನದು ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್. ಮಹೀಂದ್ರಾ ಬೊಲೆರೊ ಪಿಕಪ್‌ನದು ನಾಲ್ಕು ಸಿಲಿಂಡರಿನ 2,523 ಸಿಸಿ, ಟಾರ್ಕ್ 200 ಎನ್‌ಎಂ ಹತ್ತಿರ. ಅದರಲ್ಲಿ 1.3 ಟನ್ನು, 1.7 ಟನ್ನು, ಅದಕ್ಕೂ ಮೇಲಿನ ಮಾಡೆಲ್‌ಗಳೂ ಇವೆ. ಅಂದರೆ ಪೆಟ್ರೋಲ್ ಮಿನಿ ಗಾಡಿಯಿಂದ ಡೀಸೆಲ್ ಪಿಕಪ್‌ಗೆ ಹೋಗುವವರು ಎಂಜಿನ್ ಜೊತೆಗೆ ಗಾಡಿಯ ದರ್ಜೆಯನ್ನೂ ಬದಲಾಯಿಸುತ್ತಿದ್ದಾರೆ. ಇದು ನೆನಪಲ್ಲಿರಲಿ.

ಈಗ ಇಂಧನ. 2025ರಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ ಆಸುಪಾಸು ಇತ್ತು. ವ್ಯತ್ಯಾಸ 12 ರೂಪಾಯಿ. ಲೋಡ್ ಹಾಕಿದ ಏಸ್ ಲೀಟರಿಗೆ 14 ಕಿಲೋಮೀಟರ್, ಲೋಡ್ ಹಾಕಿದ ಪಿಕಪ್ 13 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಏಸ್‌ಗೆ ಕಿಲೋಮೀಟರಿಗೆ 7 ರೂಪಾಯಿ 36 ಪೈಸೆ, ಪಿಕಪ್‌ಗೆ 7 ರೂಪಾಯಿ. ಉಳಿತಾಯ 36 ಪೈಸೆ ಅಷ್ಟೇ! ತಿಂಗಳಿಗೆ 1,500 ಕಿಲೋಮೀಟರ್ ಓಡಿದರೆ 540 ರೂಪಾಯಿ. ಡೀಸೆಲ್ ಎಂಜಿನ್ ಮಿತವ್ಯಯಿ ಅನ್ನೋದು ನಿಜ, ಆದರೆ ಆ ಗುಣವನ್ನು ದೊಡ್ಡ ಗಾಡಿಯ ತೂಕವೇ ನುಂಗಿಬಿಡುತ್ತದೆ.

ಅದೇ ಲೆಕ್ಕವನ್ನು ಕ್ವಿಂಟಾಲಿಗೆ ಹಾಕಿ ನೋಡಿ. ಏಳೂವರೆ ಕ್ವಿಂಟಾಲ್ ಹೊತ್ತ ಏಸ್‌ಗೆ ಒಂದು ಕ್ವಿಂಟಾಲನ್ನು ಒಂದು ಕಿಲೋಮೀಟರ್ ಸಾಗಿಸಲು 98 ಪೈಸೆ ಇಂಧನ. ಹದಿಮೂರು ಕ್ವಿಂಟಾಲ್ ಹೊತ್ತ ಪಿಕಪ್‌ಗೆ 54 ಪೈಸೆ. ಡೀಸೆಲ್ ಪಿಕಪ್‌ನ ನಿಜವಾದ ಲಾಭ ಇರೋದು ಇಲ್ಲಿ. ಲೋಡ್ ಆರು ಕ್ವಿಂಟಾಲ್ ಮಾತ್ರ ಸಿಕ್ಕರೆ ಏಸ್‌ನದು 1.23 ರೂಪಾಯಿ, ಪಿಕಪ್‌ನದು 1.17. ಆಗ ಎರಡೂ ಒಂದೇ.

ಕೋಲಾರದ ಟೊಮೆಟೊ ಉದಾಹರಣೆ ತಗೊಳ್ಳಿ. 15 ಕಿಲೋ ಹಣ್ಣಿನ ಬಾಕ್ಸು, ಕ್ರೇಟಿನ ತೂಕ ಸೇರಿ ಸುಮಾರು 17 ಕಿಲೋ. 750 ಕಿಲೋಗೆ 44 ಬಾಕ್ಸು, 1,300 ಕಿಲೋಗೆ 76 ಬಾಕ್ಸು. ಮಂಡಿಯಿಂದ ಬೆಂಗಳೂರಿಗೆ 76 ಬಾಕ್ಸ್ ಕಳಿಸಬೇಕು, ಹೋಗಿ ಬರೋದು 140 ಕಿಲೋಮೀಟರ್ ಅಂತಿರಲಿ. ಏಸ್ ಎರಡು ಟ್ರಿಪ್ ಹೊಡೆಯಬೇಕು: 280 ಕಿಲೋಮೀಟರ್, 2,060 ರೂಪಾಯಿ ಪೆಟ್ರೋಲ್. ಪಿಕಪ್‌ಗೆ ಒಂದೇ ಟ್ರಿಪ್: 980 ರೂಪಾಯಿ ಡೀಸೆಲ್. ದಿನಕ್ಕೆ 1,080 ರೂಪಾಯಿ ಉಳಿತು. ಬದಲಾಯಿಸಲು ಹೆಚ್ಚುವರಿ 5 ಲಕ್ಷ ಸಾಲ ಬೇಕು, ಬಡ್ಡಿ ಶೇ. 11, ಅವಧಿ 48 ತಿಂಗಳು ಅಂದುಕೊಂಡರೆ ಕಂತು ತಿಂಗಳಿಗೆ ಸುಮಾರು 12,920 ರೂಪಾಯಿ. ಅಂದರೆ ಹನ್ನೆರಡು ಭರ್ತಿ ಲೋಡಿನ ದಿನಗಳಿಗೆ ಕಂತು ತೀರಿತು. ಹದಿಮೂರನೆಯ ದಿನದಿಂದ ಬರೋದು ನಿಮ್ಮ ಜೇಬಿಗೆ. ಎರಡನೇ ಟ್ರಿಪ್ಪಿನ ಡ್ರೈವರ್ ಬಾಟಾ, ಟೋಲ್ ಉಳಿಯೋದನ್ನು ಇದರಲ್ಲಿ ಸೇರಿಸಿಲ್ಲ. ನಿಮ್ಮ ದಾರಿ, ನಿಮ್ಮ ಸರಕು, ನಿಮ್ಮ ಊರಿನ ರೇಟು ಹಾಕಿ ಇದನ್ನು ಮತ್ತೆ ಮಾಡಿ. ಈಗಿನ ಗಾಡಿಯ ಮೈಲೇಜನ್ನು ಮೀಟರಿನಲ್ಲಿ ತೋರಿಸಿದ್ದು ನೋಡಿ ಬರೆಯಬೇಡಿ. ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿ, ಖಾಲಿ ಬರುವ ದಾರಿಯೂ ಸೇರಿ ಐನೂರು ಕಿಲೋಮೀಟರ್ ಓಡಿಸಿ, ಮತ್ತೆ ಫುಲ್ ಮಾಡಿಸಿ ಭಾಗಿಸಿ. ಇ20 ಪೆಟ್ರೋಲ್ (ಶೇ. 20 ಎಥನಾಲ್ ಬೆರೆಸಿದ್ದು) ಬಂದ ಮೇಲೆ ಹಳೆಯ ಅಂಕಿ ನಡೆಯೋದಿಲ್ಲ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ, ಅದು ಮೈಲೇಜಿನಲ್ಲಿ ಕಾಣುತ್ತದೆ.

ಇನ್ನು ಕೆಲವರು ಏಸ್‌ನಲ್ಲೇ ಹನ್ನೆರಡು ಕ್ವಿಂಟಾಲ್ ಹಾಕಿ ಈ ಲೆಕ್ಕವನ್ನೇ ತಪ್ಪಿಸಲು ನೋಡುತ್ತಾರೆ. ಮೊದಲು ಹೋಗೋದು ಹಿಂದಿನ ಪಟ್ಟಾ (ಸ್ಪ್ರಿಂಗ್ ಪ್ಲೇಟು), ಆಮೇಲೆ ಕ್ಲಚ್ ಪ್ಲೇಟು, ಹಬ್ ಬೇರಿಂಗು. ಓವರ್‌ಲೋಡ್ ದಂಡ 2019ರ ತಿದ್ದುಪಡಿಯ ಮೇಲೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಒಂದು ಸಲ ಸಿಕ್ಕಿಬಿದ್ದರೆ ತಿಂಗಳ ಕಂತಿಗಿಂತ ಜಾಸ್ತಿ ಕೈ ಬಿಟ್ಟಂತೆ.

ಯಾರು ಬದಲಾಯಿಸಬಾರದು ಅನ್ನೋದಕ್ಕೆ ದೊಡ್ಡ ಕಾರಣ ಡಿಪಿಎಫ್. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಪಿಕಪ್‌ಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಈ ಫಿಲ್ಟರ್ ಇರುತ್ತದೆ. ಲಾಟೀನು ಗಾಜಿಗೆ ಮಸಿ ಕಟ್ಟುವ ಹಾಗೆ ಅದರೊಳಗೆ ಮಸಿ ಕೂಡುತ್ತಾ ಹೋಗುತ್ತದೆ. ಅದನ್ನು ಸುಡಲು ಹೊಗೆಯ ಶಾಖ 550ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕು. ಹೈವೇಯಲ್ಲಿ ಓಡುವ ಗಾಡಿಗೆ ಇದು ಗೊತ್ತೇ ಆಗದಂತೆ ನಡೆದುಹೋಗುತ್ತದೆ. ನೀರಿನ ಕ್ಯಾನ್, ಗ್ಯಾಸ್ ಸಿಲಿಂಡರ್, ಹಾಲು ಹಾಕುವ ಗಾಡಿ ಎರಡು ಕಿಲೋಮೀಟರ್ ಹೋಗಿ ನಿಲ್ಲುತ್ತದೆ, ಎಂಜಿನ್ ಆಫ್ ಆಗುತ್ತದೆ, ಮತ್ತೆ ಶುರು. ಶಾಖ ಏರುವುದೇ ಇಲ್ಲ. ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅರ್ಧದಲ್ಲೇ ಆಫ್ ಮಾಡಿದರೆ ಆ ಡೀಸೆಲ್‌ನಲ್ಲಿ ಒಂದು ಪಾಲು ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ ಸೇರುತ್ತದೆ.

ಹಾಗಾಗಿ ಬಿಎಸ್6 ಡೀಸೆಲ್ ಇಟ್ಟವರು ಡಿಪ್‌ಸ್ಟಿಕ್ ನೋಡುವಾಗ ಆಯಿಲ್ ಕಡಿಮೆಯಾಗಿದೆಯಾ ಅಂತ ನೋಡಿದರೆ ಸಾಲದು, ಜಾಸ್ತಿಯಾಗಿದೆಯಾ ಅಂತಲೂ ನೋಡಬೇಕು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಕಡ್ಡಿ ಎಳೆಯಿರಿ. ಮಟ್ಟ ಮೇಲಿನ ಗೆರೆ ದಾಟಿದ್ದರೆ, ಬೆರಳಿಗೆ ಆಯಿಲ್ ನೀರುನೀರಾಗಿ ಹತ್ತಿ ಡೀಸೆಲ್ ವಾಸನೆ ಬಂದರೆ, ಕಿಲೋಮೀಟರ್ ಬಾಕಿ ಇದೆ ಅಂತ ಕಾಯದೆ ಆಯಿಲ್ ಬದಲಾಯಿಸಿ. ತೆಳುವಾದ ಆಯಿಲ್‌ನಲ್ಲಿ ಟರ್ಬೊ ಬೇರಿಂಗ್ ಉಳಿಯೋದಿಲ್ಲ.

ಡಿಪಿಎಫ್ ದೀಪ ಸ್ಥಿರವಾಗಿ ಹತ್ತಿದರೆ ಹೆದರಬೇಕಿಲ್ಲ. ಒಳ್ಳೆ ರಸ್ತೆಗೆ ಒಯ್ದು ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ, 2,000 ಆರ್‌ಪಿಎಂ ಮೇಲೆ, ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ದೀಪ ಆರುವ ತನಕ ಆಫ್ ಮಾಡಬೇಡಿ. ದೀಪ ಮಿಟುಕಲು ಶುರುವಾಗಿ ಪುಲ್ಲಿಂಗ್ ಕಡಿಮೆಯಾದರೆ ಓಡಿಸೋದು ನಿಲ್ಲಿಸಿ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ನಿಂತಲ್ಲೇ ಸುಡಿಸಬೇಕಾಗುತ್ತದೆ. ಆಯಿಲ್ ವಿಷಯದಲ್ಲಿ ದುಡ್ಡು ಉಳಿಸಬೇಡಿ: ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಗ್ರೇಡೇ ಬೇಕು. ಮಸಿ ಸುಡುತ್ತದೆ, ಬೂದಿ ಸುಡೋದಿಲ್ಲ. ಹಳೆ ಗಾಡಿಗೆ ಹಾಕುತ್ತಿದ್ದ ಅಗ್ಗದ ಆಯಿಲ್ ಹಾಕಿದರೆ ಆ ಬೂದಿ ಫಿಲ್ಟರಿನಲ್ಲೇ ಶಾಶ್ವತವಾಗಿ ಕೂರುತ್ತದೆ. ಡಿಪಿಎಫ್ ಕಿತ್ತು ರೀಮ್ಯಾಪ್ ಮಾಡಿಕೊಡ್ತೀವಿ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿಕೊಡ್ತೀವಿ) ಅನ್ನುವ ಗ್ಯಾರೇಜಿನ ಕಡೆ ತಲೆ ಹಾಕಬೇಡಿ. ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ.

ಕೆಲವು ಮಾಡೆಲ್‌ಗೆ ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣವೂ ಬೇಕು. ಡೀಸೆಲ್ ಮುಚ್ಚಳದ ಹತ್ತಿರ ನೀಲಿ ಮುಚ್ಚಳ ಇದೆಯಾ ಅಂತ ಬುಕ್ ಮಾಡುವ ಮುಂಚೆಯೇ ನೋಡಿ. ಇದ್ದರೆ ಶೇ. 32.5 ಸಾಂದ್ರತೆಯ ಸೀಲ್ ಮಾಡಿದ ಕ್ಯಾನನ್ನೇ ಕೊಳ್ಳಬೇಕು. ಗೊಬ್ಬರದಂಗಡಿಯ ಯೂರಿಯಾ ಕರಗಿಸಿ ಹಾಕಿದರೆ ನಾಝಲ್ ಕಟ್ಟಿಕೊಳ್ಳುತ್ತದೆ.

ಪೆಟ್ರೋಲ್ ಗಾಡಿ ಓಡಿಸಿದ ಕೈಗೆ ಕೆಲವು ಅಭ್ಯಾಸ ಬದಲಾಗಬೇಕು. ಬಂಕಿನಲ್ಲಿ ಬಾಯಿತಪ್ಪಿ ಪೆಟ್ರೋಲ್ ಅಂದು ತುಂಬಿಸಿಬಿಟ್ಟರೆ ಕೀ ತಿರುಗಿಸಲೇಬೇಡಿ. ತಳ್ಳಿಕೊಂಡು ಪಕ್ಕಕ್ಕೆ ಹಾಕಿ ಟ್ಯಾಂಕ್ ಪೂರ್ತಿ ಇಳಿಸಿ. ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಹೋದರೆ ಒಣಗಿ ಉಜ್ಜಿ, ಲೋಹದ ಪುಡಿ ಇಂಜೆಕ್ಟರ್ ತನಕ ಹೋಗುತ್ತದೆ. ಟ್ಯಾಂಕ್ ಒಣಗುವ ತನಕ ಓಡಿಸುವುದೂ ಬೇಡ, ಲೈನಿಗೆ ಗಾಳಿ ಹೊಕ್ಕರೆ ಪ್ರೈಮರ್ (ಕೈಯಲ್ಲಿ ಒತ್ತುವ ಪಂಪ್) ಒತ್ತಿ ಗಾಳಿ ತೆಗೆಯದೆ ಗಾಡಿ ಏಳೋದಿಲ್ಲ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ತಿಂಗಳಿಗೊಮ್ಮೆ ನೀರು ಇಳಿಸಿ. ತೋಟದ ಮನೆಯಲ್ಲಿ ಡ್ರಮ್ಮಿನಲ್ಲಿಟ್ಟ ಡೀಸೆಲ್ ಹಾಕುವವರಂತೂ ತಪ್ಪಿಸಬಾರದು. ಒಂದು ಇಂಜೆಕ್ಟರ್ ಕೆಟ್ಟರೂ ಏಸ್ ಪೆಟ್ರೋಲ್‌ನ ಹಲವು ಸರ್ವಿಸ್‌ಗಳ ದುಡ್ಡು ಹೋಗುತ್ತದೆ.

ಘಟ್ಟದ ಕೆಲಸ ಇರುವವರಿಗೆ ನಮ್ಮ ಸಲಹೆ ಬೇರೆ. ಶಿರಾಡಿ, ಚಾರ್ಮಾಡಿ ಹತ್ತುವಾಗ 55 ಎನ್‌ಎಂ ಗಾಡಿಗೆ ಭರ್ತಿ ಲೋಡಿನಲ್ಲಿ ಒಂದು, ಎರಡನೇ ಗೇರು ಬಿಟ್ಟು ಮೇಲೆ ಹೋಗಲು ಆಗೋದಿಲ್ಲ. ಎಂಜಿನ್ ಕಿರುಚುತ್ತಲೇ ಇರುತ್ತದೆ, ಮೈಲೇಜ್ ಬಿದ್ದುಹೋಗುತ್ತದೆ. ಡೀಸೆಲ್‌ಗೆ ಪೂರ್ತಿ ಟಾರ್ಕ್ 1,800 ಆರ್‌ಪಿಎಂ ಸುತ್ತಲೇ ಸಿಗುವುದರಿಂದ ಹಿಡಿತ ತಪ್ಪದೆ ಹತ್ತುತ್ತದೆ. ಮಂಗಳೂರು ಕಡೆ ವಾರಕ್ಕೆ ಮೂರು ಸಲ ಇಳಿದು ಹತ್ತುವವರಿಗೆ ಲೋಡ್ ಸ್ವಲ್ಪ ಕಡಿಮೆಯಿದ್ದರೂ ಡೀಸೆಲ್ ಒಳ್ಳೆಯದು. ಇಳಿಯುವಾಗ ಮಾತ್ರ ಹುಷಾರು: ಹತ್ತಲು ಯಾವ ಗೇರ್ ಬೇಕಾಗಿತ್ತೋ ಅದರಲ್ಲೇ ಇಳಿಯಿರಿ. ಘಟ್ಟ ಹತ್ತಿ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ, ಟರ್ಬೊ ತಣಿಯಲಿ.

ಮೂರರಲ್ಲಿ ಯಾವುದು? ಏಸ್‌ನಿಂದ ಬರುವವರಿಗೆ ಇಂಟ್ರಾ ವಿ30 ಹತ್ತಿರದ್ದು. ಪವರ್ ಸ್ಟೀರಿಂಗ್, ಕಾರಿನಂಥ ಕ್ಯಾಬಿನ್, ಪೇಟೆಯ ಸಂದಿಗಳಲ್ಲಿ ಸಲೀಸಾಗಿ ತಿರುಗುತ್ತದೆ. ಬೊಲೆರೊ ಪಿಕಪ್‌ಗೆ ಮೂಗು ಮುಂದಿದೆ, ಹಾಗಾಗಿ ಎಂಜಿನ್ ಶಾಖ ಸೀಟಿನ ಕೆಳಗೆ ಬರೋದಿಲ್ಲ, ಬಾನೆಟ್ ಎತ್ತಿದರೆ ಕೆಲಸ ಮಾಡಲು ಜಾಗ ಸಿಗುತ್ತದೆ, ಹೋಬಳಿ ಮಟ್ಟದಲ್ಲೂ ಅದನ್ನು ಬಲ್ಲ ಮೆಕ್ಯಾನಿಕ್ ಇದ್ದಾರೆ. ಆದರೆ ಉದ್ದ ಜಾಸ್ತಿ, ಖಾಲಿ ಓಡಿದರೆ ಹಿಂಭಾಗ ಎಗರುತ್ತದೆ. ಕಲ್ಲು, ಸಿಮೆಂಟ್, ತೋಟದ ದಾರಿ ಅಂದರೆ ನಮ್ಮ ಮತ ಬೊಲೆರೊಗೆ. ದೋಸ್ತ್ ಇವೆರಡರ ನಡುವೆ ನಿಲ್ಲುತ್ತದೆ. ನಿಮ್ಮ ಊರಿಗೆ ಅದರ ಸರ್ವಿಸ್ ಸೆಂಟರ್ ಹತ್ತಿರವಿದ್ದರೆ ಮಾತ್ರ ನೋಡಿ. ಯಾವುದೇ ಆಗಲಿ, ಮೇಲೆ ಕಟ್ಟಿಸುವ ಕಬ್ಬಿಣದ ಬಾಡಿ, ಟಾರ್ಪಾಲ್ ಕಮಾನಿನ ತೂಕ ನಿಮ್ಮ ಲೋಡಿನಲ್ಲೇ ಕಳೆಯುತ್ತದೆ. ಕಟ್ಟಿಸಿದ ಮೇಲೆ ಖಾಲಿ ಗಾಡಿಯನ್ನು ಒಮ್ಮೆ ವೇಬ್ರಿಡ್ಜ್ ಮೇಲೆ ಹತ್ತಿಸಿ ಚೀಟಿ ಇಟ್ಟುಕೊಳ್ಳಿ.

ಗಾಡಿ, ಲೋಡ್ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ, ಮೀರಿದರೆ ಬೇಕು. 1,300 ಕಿಲೋ ಹೊರುವ ವಿ30 ಈ ಗೆರೆಯೊಳಗಿದೆ, ಎರಡು ಟನ್ ಹೊರುವ ಪಿಕಪ್‌ಗಳು ಹೊರಗಿವೆ. ಕೆಲವು ಕ್ವಿಂಟಾಲ್ ಜಾಸ್ತಿ ಸಿಗುತ್ತೆ ಅಂತ ದೊಡ್ಡ ಮಾಡೆಲ್ ಬುಕ್ ಮಾಡುವ ಮುಂಚೆ ಇದನ್ನು ಯೋಚಿಸಿ. ಥರ್ಡ್ ಪಾರ್ಟಿ ವಿಮೆಗೆ ಮಾತ್ರ 7,500 ಕಿಲೋ ತನಕ ಒಂದೇ ಸ್ಲ್ಯಾಬ್, ಅಲ್ಲಿ ಏಸ್‌ಗೂ ಬೊಲೆರೊಗೂ ಭೇದವಿಲ್ಲ.

ಹಳೆ ಗಾಡಿ ಕೊಡುವಾಗ ಡೀಲರ್ ಹೇಳುವ ಎಕ್ಸ್‌ಚೇಂಜ್ ಬೋನಸ್ಸನ್ನೂ ಗಾಡಿಯ ಬೆಲೆಯನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಹೊರಗೆ ಎರಡು ಕಡೆ ರೇಟು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದಕ್ಕೂ ಆ ಏಟು ಬೀಳುತ್ತದೆ, ಹಾಗಾಗಿ ಅದಕ್ಕೂ ಹಿಂದಿನ ರೇಟು ಹಿಡಿದು ಕೂರಬೇಡಿ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಚಾಲ್ತಿಯಲ್ಲಿದ್ದರೆ ಚೌಕಾಸಿಗೆ ಬಲ. ಸಾಲ ತೀರಿದ್ದರೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ತಂದು ಆರ್‌ಸಿಯಲ್ಲಿ ಎಚ್‌ಪಿ (ಬ್ಯಾಂಕ್ ಸಾಲದ ನಮೂದು) ತೆಗೆಸಿ. ಮಾಲೀಕತ್ವ ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಆರ್‌ಸಿ ಇನ್ನೊಬ್ಬರ ಹೆಸರಿಗೆ ಆಗುವ ತನಕ ಆ ಗಾಡಿಯ ಅಪಘಾತ, ದಂಡ ಎಲ್ಲ ನಿಮ್ಮ ಹೆಸರಿಗೇ ಬರುತ್ತದೆ. ಹಸ್ತಾಂತರದ ರಸೀದಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ, ಫಾಸ್ಟ್ಯಾಗ್ ಅದೇ ದಿನ ಮುಚ್ಚಿಸಿ. ಪಿಕಪ್‌ಗೆ ಹೊಸ ಟ್ಯಾಗೇ ಬೇಕು, ಹಳೆಯದನ್ನು ಕಿತ್ತು ಅಂಟಿಸಿದರೆ ನಡೆಯೋದಿಲ್ಲ.