ಆಟೊಕ್ಯಾಡ್‌ನ ಅನೋಟೇಟಿವ್ ಟೆಕ್ಸ್ಟ್: ಸ್ಟ್ರಕ್ಚರಲ್ ಡ್ರಾಯಿಂಗಿಗೆ ಎಷ್ಟು ಉಪಯೋಗ?

ದಾವಣಗೆರೆಯಲ್ಲಿ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡುವವಳು ನಾನು. ಕಾಲಂ ನಂಬರು, ಕಂಬಿಯ ವಿವರ ಎಲ್ಲ ಮಾಡೆಲ್‌ನಲ್ಲಿ (ಕಟ್ಟಡವನ್ನು ನಿಜ ಅಳತೆಯಲ್ಲಿ ಬರೆಯುವ ಜಾಗ) ಬರೆಯಬೇಕೋ ಲೇಔಟ್‌ನಲ್ಲೋ (ಪ್ರಿಂಟ್ ಆಗುವ ಹಾಳೆ) ಅನ್ನುವ ಜಗಳ ನಮ್ಮ ಆಫೀಸಿನಲ್ಲಿ ಹಳೆಯದು. ಆಟೊಕ್ಯಾಡ್ 2008ರಲ್ಲಿ ಬಂದ, ಸ್ಕೇಲಿಗೆ ತಕ್ಕಂತೆ ತಾನೇ ಎತ್ತರ ಹೊಂದಿಸಿಕೊಳ್ಳುವ ಅನೋಟೇಟಿವ್ ಟೆಕ್ಸ್ಟ್ ಅದನ್ನು ಮುಕ್ಕಾಲು ಪಾಲು ಬಗೆಹರಿಸುತ್ತದೆ.

ಮೊದಲೆಲ್ಲ ಹಾಳೆಯ ಮೇಲೆ ಅಕ್ಷರ 2.5 ಮಿ.ಮೀ. ಬರಬೇಕಾದರೆ 1:100ರ ಪ್ಲಾನಿಗೆ ಮಾಡೆಲ್‌ನಲ್ಲಿ 250, 1:50ಕ್ಕೆ 125 ಎತ್ತರ ಕೊಡಬೇಕಿತ್ತು. ಒಂದೇ ಫುಟಿಂಗ್ ಎರಡು ಸ್ಕೇಲಿನಲ್ಲಿದ್ದರೆ ಎರಡು ಲೇಯರ್, ಎರಡು ಸಲ ಬರಹ. ಒಂದು ಕಡೆ 12 ಎಂಎಂ ಕಂಬಿಯನ್ನು 16 ಮಾಡಿ, ಇನ್ನೊಂದು ಕಡೆ 12 ಹಾಗೇ ಉಳಿದರೆ ಸೈಟಿನಲ್ಲಿ ಯಾವುದನ್ನು ನಂಬುವುದು? ಈಗ ಹಾಳೆಯ ಮೇಲಿನ ಎತ್ತರ ಕೊಟ್ಟು ಬೇಕಾದ ಸ್ಕೇಲುಗಳನ್ನು ಸೇರಿಸಿದರಾಯಿತು. ನನಗೆ ಹೆಚ್ಚು ಹಿಡಿಸಿದ್ದು ಬೇರೆಯೇ: ಪ್ರತಿ ಸ್ಕೇಲಿಗೂ ಬರಹದ ಜಾಗ ಪ್ರತ್ಯೇಕ. 1:100ರಲ್ಲಿ ಬೀಮಿನ ಗೆರೆ ಮೇಲೆ ಕೂತ ಕಾಲಂ ನಂಬರು ‘ಸಿ7’ ಅನ್ನು ಪಕ್ಕಕ್ಕೆಳೆದರೂ 1:50ರಲ್ಲಿ ಅದು ಅಲುಗುವುದಿಲ್ಲ.

ಲೇಔಟ್‌ನಲ್ಲೇ ಎಲ್ಲ ಬರೆಯುವವರೂ ಇದ್ದಾರೆ, ಅದರಲ್ಲಿ ತೊಂದರೆಯಿದೆ. ಆರ್ಕಿಟೆಕ್ಟ್ ನಮ್ಮ ಫೈಲನ್ನು ಎಕ್ಸ್‌ರೆಫ್ ಮಾಡಿಕೊಂಡಾಗ (ತಮ್ಮ ಫೈಲಿಗೆ ಜೋಡಿಸಿಕೊಂಡಾಗ) ಮಾಡೆಲ್ ಮಾತ್ರ ಹೋಗುತ್ತದೆ; ಕಾಲಂ ನಂಬರುಗಳು ನಮ್ಮಲ್ಲೇ ಉಳಿಯುತ್ತವೆ. ಲಾಕ್ ಮಾಡದ ವ್ಯೂಪೋರ್ಟನ್ನು (ಹಾಳೆಯಲ್ಲಿ ಮಾಡೆಲ್ ಕಾಣಿಸುವ ಕಿಟಕಿ) ಯಾರಾದರೂ ಝೂಮ್ ಮಾಡಿದರಂತೂ ಕಾಲಂ ಒಂದೂರು, ಬರಹ ಇನ್ನೊಂದೂರು. ಆದರೆ ಕಾಂಕ್ರೀಟ್ ಗ್ರೇಡು, ಕವರ್, ಲ್ಯಾಪ್ ಲೆಂತ್ ಇರುವ ಜನರಲ್ ನೋಟ್ಸ್, ಟೈಟಲ್ ಬ್ಲಾಕ್, ರಿವಿಷನ್ ಪಟ್ಟಿ ಹಾಳೆಗೆ ಸೇರಿದವು. ಅವು ಲೇಔಟ್‌ನಲ್ಲೇ ಇರಲಿ, ಅನೋಟೇಟಿವ್ ಬೇಡವೇ ಬೇಡ.

ಕಿರಿಕಿರಿಯೂ ಉಂಟು. ಅನೋಆಟೊಸ್ಕೇಲ್ ಅನ್ನುವ ಸೆಟ್ಟಿಂಗ್ ಆನ್ ಇಟ್ಟು ಸ್ಕೇಲ್ ಬದಲಿಸುತ್ತಾ ಹೋದರೆ ಬೇಡದ ಸ್ಕೇಲುಗಳೆಲ್ಲ ಬರಹಗಳಿಗೆ ಅಂಟಿಕೊಳ್ಳುತ್ತವೆ, ಆಫ್ ಇಡಿ. ಅನೋಆಲ್‌ವಿಸಿಬಲ್ ಅನ್ನುವ ಇನ್ನೊಂದು ಸೆಟ್ಟಿಂಗ್ ಆಫ್ ಇದ್ದರೆ, ಈಗಿನ ಸ್ಕೇಲ್ ಸೇರಿಸದ ಬರಹ ಕಾಣುವುದೇ ಇಲ್ಲ. ಹೊಸಬರು ಅಳಿಸಿಹೋಯಿತೆಂದು ಮತ್ತೆ ಬರೆದುಬಿಡುತ್ತಾರೆ.

ಎ1 ಹಾಳೆಯನ್ನು ಎ3ಗೆ ಇಳಿಸಿ ಸೈಟಿಗೆ ಕಳಿಸುವ ನಮ್ಮ ಚಾಳಿಗೆ ಮಾತ್ರ ಇದರಲ್ಲಿ ಮದ್ದಿಲ್ಲ. 2.5 ಅಕ್ಷರ 1.25ಕ್ಕೆ ಇಳಿಯುತ್ತದೆ, ಕಂಬಿ ಕಟ್ಟುವವರು ಬಿಸಿಲಲ್ಲಿ ನಿಂತು ಅದನ್ನು ಓದಬೇಕು. ಅದಕ್ಕೇ ಕಂಬಿಯ ವಿವರಕ್ಕೆ ನಾನು 3.5 ಇಡುತ್ತೇನೆ. ಅವರಿಗಾಗಿ ಕನ್ನಡದಲ್ಲಿ ಸೂಚನೆ ಹಾಕುವುದಾದರೆ ಕನ್ನಡ ಅಕ್ಷರಗಳಿಲ್ಲದ ರೋಮನ್ಸ್ ಎಸ್‌ಎಚ್‌ಎಕ್ಸ್ ಫಾಂಟ್ ಬಿಟ್ಟು ನಿರ್ಮಲ ಅಥವಾ ತುಂಗಾ ಬಳಸಿ.

ಐದಕ್ಕೆ ನಾಲ್ಕು ಅಂಕ. ಆಟೊಕ್ಯಾಡ್‌ನ ಅಗ್ಗದ ಆವೃತ್ತಿಯಾದ ಎಲ್‌ಟಿಯಲ್ಲೂ ಈ ಸೌಲಭ್ಯವಿದೆ. ಒಂದೇ ಹಾಳೆ, ಒಂದೇ ಸ್ಕೇಲಿನಲ್ಲಿ ಮನೆ ಪ್ಲಾನ್ ಕೊಡುವವರು ಇದರ ಗೋಜಿಗೆ ಹೋಗಬೇಕಿಲ್ಲ, ಮಾಮೂಲಿ ಟೆಕ್ಸ್ಟೇ ಸಾಕು.