ಬಿಲ್‌ನಲ್ಲಿ ಇಮ್ಯುನೋಗ್ಲೋಬ್ಯುಲಿನ್, ಮಗುವಿನ ತೊಡೆಗೆ ವಿಟಮಿನ್ ಕೆ

ಹೆಪಟೈಟಿಸ್ ಬಿ (ಲಿವರ್‌ಗೆ ತಗಲೋ ವೈರಸ್ ಸೋಂಕು) ಪಾಸಿಟಿವ್ ಇರೋ ಗರ್ಭಿಣಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ನಮ್ಮ ಜಿಲ್ಲಾ ಕೇಂದ್ರದ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ನಮಗೆ ಮಾಡಿದ್ದಿದು.

ನನ್ನ ಹೆಂಡತಿಯ ರಿಪೋರ್ಟ್ ಮೂರನೇ ತಿಂಗಳಲ್ಲೇ ಬಂದಿತ್ತು. ತಾಯಿ ಕಾರ್ಡ್ ಮೇಲೆ ಕೆಂಪು ಇಂಕಿನಲ್ಲಿ ಬರೆದೂ ಇತ್ತು. ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಕಡಿಮೆ, ಹಾಗಾಗಿ ವೈರಸ್ ತಗ್ಗಿಸೋ ಟೆನೊಫೊವಿರ್ ಮಾತ್ರೆ ಬೇಡ ಅಂದಿದ್ದರು. ಆದರೆ ತಾಯಿಯಿಂದ ಮಗುವಿಗೆ ಸೋಂಕು ತಗುಲದಿರಲು, ಹುಟ್ಟಿದ 12 ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೋಗ್ಲೋಬ್ಯುಲಿನ್ (ತಯಾರಾದ ಪ್ರತಿಕಾಯದ ಇಂಜೆಕ್ಷನ್), ಇದು ಮಾತ್ರ ತಪ್ಪಬಾರದು. ಅಡ್ಮಿಟ್ ಆಗುವಾಗಲೇ ಕೌಂಟರಿನಲ್ಲಿ ಹೇಳಿದೆ. "ನಮ್ಮಲ್ಲೇ ಸ್ಟಾಕ್ ಇದೆ ಸಾರ್, ಟೆನ್ಷನ್ ಬೇಡ" ಅಂದರು.

ಹೆರಿಗೆ ಆಯ್ತು. ಸಂಜೆ ಕೇಳಿದೆ. "ಎರಡೂ ಇಂಜೆಕ್ಷನ್ ಹಾಕಿದೀವಿ ಸಾರ್." ಎರಡೂ ತೊಡೆಯಲ್ಲಿ ಹತ್ತಿ, ಪ್ಲಾಸ್ಟರ್ ಇತ್ತು. ಬಿಲ್‌ನಲ್ಲಿ ಐದು ಸಾವಿರ ಚಿಲ್ಲರೆ, ಇಮ್ಯುನೋಗ್ಲೋಬ್ಯುಲಿನ್ ಅಂತ ಸ್ಪಷ್ಟವಾಗಿ. ಕಟ್ಟಿದೆ.

ಮನೆಗೆ ಬಂದ ಮಾರನೇ ದಿನ ಮಗುವಿಗೆ ಕಾಮಾಲೆ ಇದೆಯೇನೋ ಅನ್ನಿಸಿ ಬೇರೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅವರು ಡಿಸ್ಚಾರ್ಜ್ ಕಾರ್ಡ್ ಹಿಂದೆ ಮುಂದೆ ತಿರುಗಿಸಿ, "ಇಮ್ಯುನೋಗ್ಲೋಬ್ಯುಲಿನ್ ಎಲ್ಲಿ ಬರೆದಿದಾರೆ?" ಅಂದರು. ಎಲ್ಲೂ ಇರಲಿಲ್ಲ. ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಲಸಿಕೆ, ವಿಟಮಿನ್ ಕೆ. ಆ ಎರಡನೇ ಇಂಜೆಕ್ಷನ್ ವಿಟಮಿನ್ ಕೆ! ಹುಟ್ಟಿದ ಎಲ್ಲ ಮಕ್ಕಳಿಗೂ ಹಾಕೋದು!

ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು "ಬರೆಯೋಕೆ ಮರೆತಿರಬೇಕು ಸಾರ್." ಬಾಟಲಿ ಸ್ಟಿಕ್ಕರ್, ಬ್ಯಾಚ್ ನಂಬರ್ ಕೊಡಿ ಅಂದೆ. "ಬಿಸಾಕಿಬಿಟ್ವಿ." ಮತ್ತೆ ಮಾಡಿದರೆ ಇನ್ನೊಬ್ಬರು, "ಲಸಿಕೆ ಹಾಕಿದೀವಲ್ಲ, ಎರಡೂ ಒಂದೇ." ಒಂದೇ ಆಗಿದ್ದರೆ ಎರಡು ಬಿಲ್ ಯಾಕೆ ಹಾಕಿದಿರಿ? ಅದಕ್ಕೆ ಉತ್ತರ ಇಲ್ಲ. ಲಸಿಕೆ ಮಗುವಿನ ದೇಹಕ್ಕೆ ರೋಗದ ವಿರುದ್ಧ ಹೋರಾಡಲು ಕಲಿಸುತ್ತೆ, ಅದಕ್ಕೆ ಸಮಯ ಹಿಡಿಯುತ್ತೆ. ಇಮ್ಯುನೋಗ್ಲೋಬ್ಯುಲಿನ್ ಅಂದರೆ ತಯಾರಾದ ಪ್ರತಿಕಾಯ, ಆ ಹೊತ್ತಿಗೇ ಬೇಕಾದ್ದು. ಹುಟ್ಟುವಾಗ ಸೋಂಕು ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಅದು ಜೀವನಪರ್ಯಂತ ಉಳಿಯುತ್ತೆ. ಲಿವರ್ ಕ್ಯಾನ್ಸರ್‌ಗೂ ಅದೇ ದಾರಿ. ಇದು ಅವರಿಗೆ ಗೊತ್ತಿಲ್ಲವಾ?

ನರ್ಸಿಂಗ್ ಹೋಮ್‌ನವರು ಗುಟ್ಟನ್ನೂ ಕಾಪಾಡಲಿಲ್ಲ. "ಪಾಸಿಟಿವ್ ಕೇಸ್, ಹಾಲು ಕುಡಿಸಬೇಡಿ" ಅಂತ ನಮ್ಮತ್ತೆ, ನೆಂಟರು, ಪಕ್ಕದ ಬೆಡ್ಡಿನವರು ಎಲ್ಲರ ಮುಂದೆ ಕೂಗಿದರು. ಬಾಣಂತಿ ಸೆರಗು ಮುಚ್ಚಿಕೊಂಡು ಅತ್ತಳು. ಆ ಮಾತೂ ಸುಳ್ಳು, ಎದೆಹಾಲು ಕುಡಿಸಬಹುದು.

ಹೊಸ ಡಾಕ್ಟರ್ ಅವತ್ತೇ ಇಮ್ಯುನೋಗ್ಲೋಬ್ಯುಲಿನ್ ಹಾಕಿದರು. ತಡವಾದಷ್ಟೂ ಫಲ ಕಡಿಮೆ, ಆದರೂ ವಾರದೊಳಗೆ ಹಾಕಿಸೋದು ಮೇಲು ಅಂದರು. ಇನ್ನು 6, 10, 14 ವಾರದ ಲಸಿಕೆ, ಒಂಬತ್ತು ತಿಂಗಳಾದ ಮೇಲೆ ರಕ್ತಪರೀಕ್ಷೆ. ಅಲ್ಲಿವರೆಗೂ ನಮ್ಮ ಜೀವ ಕೈಯಲ್ಲೇ.

ಬಾಟಲಿ ಕಣ್ಣಾರೆ ನೋಡಿ, ಹೆಸರು ಓದಿ, ಫೋಟೋ ತೆಗೆದುಕೊಳ್ಳಿ. ಸ್ಟಿಕ್ಕರ್ ಕಾರ್ಡಿಗೆ ಅಂಟಿಸದೆ ದುಡ್ಡು ಕೊಡಬೇಡಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇಮ್ಯುನೋಗ್ಲೋಬ್ಯುಲಿನ್ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ದೂರು ಕೊಟ್ಟಿದ್ದೇನೆ. ನಿನ್ನೆ ಅವರೇ ಫೋನ್ ಮಾಡಿ, "ಬಿಲ್ ಕರೆಕ್ಷನ್ ಮಾಡಿಕೊಡ್ತೀವಿ, ದೂರು ವಾಪಸ್ ತಗೊಳ್ಳಿ ಸಾರ್" ಅಂದರು. ತಗೊಳ್ಳಲ್ಲ.